ತಲಕಾಡು: ಶಾಪ, ಮರಳು ಮತ್ತು ಪ್ರವಾಸ

ಶಾಪ ತಟ್ಟಿದ ಊರೆಂದು ಕರ್ನಾಟಕದಲ್ಲಿ ತಲಕಾಡಿನಷ್ಟು ಹೆಸರಾದದ್ದು ಇನ್ನೊಂದಿಲ್ಲ. ಆದರೂ ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಂದಿಗೆ ಜನ ನಿರಾತಂಕವಾಗಿ ಹೋಗಿಬರುವ ಸ್ಥಳವೂ ಅದೇ.

ಕಾವೇರಿಯ ಎಡದಂಡೆಯ ಈ ಊರು ಗಂಗರ ರಾಜಧಾನಿಯಾಗಿತ್ತು. 1004ರ ಸುಮಾರಿಗೆ ಚೋಳರ ವಶವಾಗಿ ರಾಜರಾಜಪುರ ಎನಿಸಿಕೊಂಡಿತು. 1116ರ ಹೊತ್ತಿಗೆ ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿ, ಗೆಲುವಿನ ನೆನಪಿಗೆ ಕೀರ್ತಿನಾರಾಯಣ ದೇಗುಲ ಕಟ್ಟಿಸಿದ.

ಶಾಪದ ಕಥೆ 1610ರದು. ಆ ವರ್ಷ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದರು. ಪ್ರತಿನಿಧಿಯ ಮಡದಿ ಅಲಮೇಲಮ್ಮನ ಒಡವೆಗಳನ್ನು ಅಲ್ಲಿನ ದೇವಿ ರಂಗನಾಯಕಿ ಅಮ್ಮನವರಿಗೆ ತೊಡಿಸುವ ರೂಢಿಯಿತ್ತು. ಅವನ್ನು ತರಲು ಅರಸರ ಆಳುಗಳು ಬೆನ್ನಟ್ಟಿದಾಗ ಆಕೆ ತಲಕಾಡಿನ ಹತ್ತಿರದ ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲಿ ಎಂದು ಶಪಿಸಿದಳು ಎಂಬುದು ಐತಿಹ್ಯ. ಅರಮನೆಯಲ್ಲಿ ಮುಂದೆ ದತ್ತು ಸ್ವೀಕಾರಗಳು ನಡೆದಂತೆ ಈ ಮಾತು ಗಟ್ಟಿಯಾಯಿತು. 10ನೇ ಚಾಮರಾಜ ಒಡೆಯರಿಗೆ ಮಕ್ಕಳಾದಾಗ, ದತ್ತು ಬಂದವರಿಗೆ ಶಾಪ ತಟ್ಟದು ಎಂಬ ಸಮಾಧಾನವೂ ಹುಟ್ಟಿಕೊಂಡಿತು.

ಮರಳಿಗೆ ಬೇರೆ ಕಾರಣವನ್ನೂ ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಹತ್ತಿರದಲ್ಲೇ ಮಾಧವಮಂತ್ರಿ ಅಣೆಕಟ್ಟೆ ಎದ್ದಿತು. ಹರಿವು ತಗ್ಗಿ, ನದಿ ತಿರುವಿನಲ್ಲಿ ಮರಳು ಬಯಲಾಯಿತು. ಗಾಳಿ ಅದನ್ನು ಊರೊಳಕ್ಕೆ ತೂರಿತು. ಈ ವಾದದಂತೆ ಮರಳು ಶಾಪಕ್ಕಿಂತ ಹಿಂದಿನದು. ಊರಿನವರು ಮನೆಗಳನ್ನು ಬಿಟ್ಟು ದೂರ ಸರಿದರು. ಗುಡಿಗಳು ದಿಬ್ಬದಡಿ ಉಳಿದವು.

ಪ್ರವಾಸ ಇಲ್ಲಿ ಹೊಸದಲ್ಲ. ಕಾರ್ತಿಕ ಮಾಸದಲ್ಲಿ ವಿಶೇಷ ಯೋಗ ಕೂಡಿದ ಸೋಮವಾರ ನಡೆಯುವ ಪಂಚಲಿಂಗ ದರ್ಶನಕ್ಕೆ ಭಕ್ತರು ಹಿಂದಿನಿಂದಲೂ ಬರುತ್ತಿದ್ದರು. ಇತ್ತೀಚೆಗೆ ಅದು 2009, 2013 ಮತ್ತು 2020ರಲ್ಲಿ ನಡೆಯಿತು. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ ಗುಡಿಗಳು ತಲಕಾಡಿನಲ್ಲೇ ಇವೆ. ಅರ್ಕೇಶ್ವರ ವಿಜಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲಿದೆ. ಪಾತಾಳೇಶ್ವರನನ್ನು ನೋಡಲು ಮರಳು ತೋಡಿದ ಗುಂಡಿಗೆ ಮೆಟ್ಟಿಲಿಳಿಯಬೇಕು.

ಶ್ರೀರಂಗಪಟ್ಟಣದ ರಂಗನಾಥನ ಗುಡಿಯಿಂದ ಹೊರಟು ಮೈಸೂರು, ತಿರುಮಕೂಡಲು ನರಸೀಪುರ ದಾಟಿ ತಲಕಾಡು ಸೇರಿದರೆ ಕಥೆಯ ಕ್ರಮದಲ್ಲೇ ಊರುಗಳು ಸಿಗುತ್ತವೆ. ಮೈಸೂರಿನಿಂದ ತಲಕಾಡಿಗೆ ಸುಮಾರು 45 ಕಿಲೋಮೀಟರ್. ಮಧ್ಯಾಹ್ನ ಮರಳು ಕಾದು ಬರಿಗಾಲು ಊರಲಾಗದು. ಮಕ್ಕಳಿರುವವರಿಗೆ ಬೆಳಗಿನ ಹೊತ್ತೇ ವಾಸಿ. ಹೊಳೆಯಲ್ಲಿ ಹರಿಗೋಲು ಸಿಗುತ್ತದೆ. ಕಾವೇರಿಯ ಮಡು ಮತ್ತು ಸುಳಿಗಳು ಮಾತ್ರ ಕಥೆಯಲ್ಲ. ಆಳ ಗೊತ್ತಿಲ್ಲದೆ ಇಳಿದವರು ಮುಳುಗಿದ ಪ್ರಕರಣಗಳಿರುವುದರಿಂದ, ಮಕ್ಕಳನ್ನು ದಡದಲ್ಲೇ ಆಡಿಸುವುದು ಕ್ಷೇಮ.