ದಲಾಲ್ ಸ್ಟ್ರೀಟ್ ಕಥೆಗಳು – ಭಾಗ 4: ಕೂಗಾಟದಿಂದ ಕಂಪ್ಯೂಟರ್‌ಗೆ

ನಿಫ್ಟಿ ಎಷ್ಟಾಯ್ತು ಅಂತ ದಿನಕ್ಕೆ ಹತ್ತು ಸಲ ಫೋನ್ ನೋಡ್ತೀವಿ. ಆದ್ರೆ ಎನ್‌ಎಸ್‌ಇ ಬಗ್ಗೆ ಬಿಕಾಂನಲ್ಲಿ ನಾವು ಓದೋದು "1992ರಲ್ಲಿ ಸ್ಥಾಪನೆಯಾಯಿತು" ಅಂತ, ಎರಡು ಅಂಕದ ಪ್ರಶ್ನೆಗೆ. ಯಾಕೆ ಬೇಕಾಯ್ತು ಅನ್ನೋದೇ ಅಸಲಿ ಕಥೆ.

1990ರ ಸುಮಾರಿಗೆ ದೊಡ್ಡ ಮಾರುಕಟ್ಟೆ ಅಂದ್ರೆ ಮುಂಬೈನ ಬಿಎಸ್‌ಇ. 1875ರಿಂದ ಇದ್ದದ್ದು, ಬ್ರೋಕರ್‌ಗಳದ್ದೇ ಸಂಸ್ಥೆ. ರಿಂಗ್‌ನಲ್ಲಿ ನಿಂತು ಕೂಗೋದು, ಕೈಸನ್ನೆ ಮಾಡೋದು, ಚೀಟಿಯಲ್ಲಿ ಬರ್ಕೊಳ್ಳೋದು. ಈಗ ನೀವು ಹುಬ್ಬಳ್ಳಿಯಲ್ಲಿ ಕೂತು 100 ಷೇರು ಬೇಕು ಅಂತ ಹೇಳಿ ಕಳಿಸಿದ್ರಿ ಅನ್ಕೊಳ್ಳಿ. ಆ ದಿನ ಬೆಲೆ 100ರಿಂದ 108 ರೂಪಾಯಿ ಮಧ್ಯೆ ಓಡಾಡಿದೆ. ಬ್ರೋಕರ್ 102ಕ್ಕೆ ಕೊಂಡು ನಿಮಗೆ 107 ಅಂತ ಬಿಲ್ ಕೊಟ್ರೆ? ಐನೂರು ರೂಪಾಯಿ ಹೋಯ್ತು, ಹೋಗಿದ್ದು ನಿಮಗೆ ಗೊತ್ತೂ ಆಗಲ್ಲ. ಯಾವ ಹೊತ್ತಿಗೆ ಯಾವ ಬೆಲೆಗೆ ವ್ಯವಹಾರ ಆಯ್ತು ಅಂತ ನೋಡೋಕೆ ದಾರಿನೇ ಇರ್ಲಿಲ್ಲ.

ದೇಶಕ್ಕೆಲ್ಲಾ ಒಂದೇ ಎಕ್ಸ್‌ಚೇಂಜ್ ಬೇಕು ಅಂತ 1991ರಲ್ಲಿ ಫೇರ್ವಾನಿ ಸಮಿತಿ ಹೇಳಿತ್ತು. 1992ರ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಬಂತು, ಸುಧಾರಣೆ ತುರ್ತಾಯ್ತು. ಆದ್ರೆ ಎಂ.ಜೆ. ಫೇರ್ವಾನಿ ಅವರು ಆ ಮೇ ತಿಂಗಳಲ್ಲೇ ತೀರಿಹೋದರು, ತಾವು ಶಿಫಾರಸು ಮಾಡಿದ ಎಕ್ಸ್‌ಚೇಂಜನ್ನ ನೋಡಲೇ ಇಲ್ಲ. ನವೆಂಬರ್‌ನಲ್ಲಿ ಐಡಿಬಿಐ ಮುಂದಾಳತ್ವದಲ್ಲಿ ಎನ್‌ಎಸ್‌ಇ ನೋಂದಣಿ ಆಯ್ತು. ಮೊದಲ ಎಂಡಿ ಡಾ. ಆರ್.ಎಚ್. ಪಾಟೀಲ್. ಮಾಲೀಕರು ಬ್ಯಾಂಕು, ವಿಮಾ ಕಂಪನಿಗಳು, ಬ್ರೋಕರ್‌ಗಳಲ್ಲ. ನನ್ನ ಪ್ರಕಾರ ಕಂಪ್ಯೂಟರ್‌ಗಿಂತ ದೊಡ್ಡ ಬದಲಾವಣೆ ಇದೇ.

ಷೇರು ವಹಿವಾಟು ಶುರುವಾಗಿದ್ದು 1994ರ ನವೆಂಬರ್ 3, ದೀಪಾವಳಿ ಹೊತ್ತಿಗೆ. ಛಾವಣಿ ಮೇಲೆ ವಿಸ್ಯಾಟ್ ಡಿಶ್, ಕೆಳಗೆ ಟರ್ಮಿನಲ್. ಒಳ್ಳೆ ಬೆಲೆ ಕೊಟ್ಟವರ ಆರ್ಡರ್ ಮೊದಲು, ಬೆಲೆ ಒಂದೇ ಆದ್ರೆ ಮೊದಲು ಬಂದವರದ್ದು. ಆ ಕಡೆ ಯಾರಿದ್ದಾರೆ ಅಂತ ಯಾರಿಗೂ ಕಾಣಲ್ಲ. ಸುಮಾರು ಒಂದೇ ವರ್ಷದಲ್ಲಿ ವಹಿವಾಟಿನಲ್ಲಿ ಬಿಎಸ್‌ಇಯನ್ನ ದಾಟಿಬಿಡ್ತು! ಅಷ್ಟರಲ್ಲಿ, 1995ರಲ್ಲೇ, ಬಿಎಸ್‌ಇ ಕೂಡ ಕಂಪ್ಯೂಟರ್ ತಂದಿತ್ತು. 1996ರ ಏಪ್ರಿಲ್‌ನಲ್ಲಿ ನಿಫ್ಟಿ ಬಂತು. ಅದರ ಲೆಕ್ಕ ಶುರುವಾಗೋದು 1995ರ ನವೆಂಬರ್ 3ರಿಂದ, 1000 ಅಂತ. ಎನ್‌ಎಸ್‌ಇಯಲ್ಲಿ ಷೇರು ವಹಿವಾಟಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ ಅದು.

ಟರ್ಮಿನಲ್ ಊರೂರಿಗೆ ಬಂದ್ಮೇಲೆ ಊರಿನ ಎಕ್ಸ್‌ಚೇಂಜ್ ಯಾರಿಗೆ ಬೇಕು? ನಮ್ಮ ಬೆಂಗಳೂರಿಗೂ 1963ರಿಂದ ಒಂದಿತ್ತು. 2014ರಲ್ಲಿ ಮುಚ್ಚಿತು.

ಎಲ್ಲಾ ಒಂದೇ ಕಡೆ ಸೇರಿದ್ರೆ ಏನಾಗುತ್ತೆ ಅನ್ನೋದು 2021ರ ಫೆಬ್ರವರಿ 24ಕ್ಕೆ ಕಾಣಿಸ್ತು. ಬೆಳಗ್ಗೆ 11.40ಕ್ಕೆ ಎನ್‌ಎಸ್‌ಇ ನಿಂತುಹೋಯ್ತು, ಮತ್ತೆ ಶುರುವಾಗಿದ್ದು 3.45ಕ್ಕೆ. ಆ ನಾಲ್ಕು ಗಂಟೆ, ಎನ್‌ಎಸ್‌ಇಯಲ್ಲಿ ಸಿಕ್ಕಿಕೊಂಡವರಲ್ಲಿ ಎಷ್ಟೋ ಜನ ಓಡಿದ್ದು ಎಲ್ಲಿಗೆ ಗೊತ್ತಾ? ಹಳೇ ಬಿಎಸ್‌ಇಗೆ.

ಭಾಗ 5ರಲ್ಲಿ ಡಿಮ್ಯಾಟ್. ಮನೆಯಲ್ಲಿ ಹಳೇ ಕಾಗದದ ಷೇರು ಸರ್ಟಿಫಿಕೇಟ್ ಇದ್ರೆ ಕಾಮೆಂಟ್‌ನಲ್ಲಿ ಹೇಳಿ.

#ಷೇರುಪೇಟೆ #ಕನ್ನಡದಲ್ಲಿಇತಿಹಾಸ #ಎನ್‌ಎಸ್‌ಇ