ವೈಶೇಷಿಕರ ವೇಗ, ಆಧುನಿಕ ಸಂವೇಗ: ದೆಹಲಿಯ ಪಠ್ಯಪುಸ್ತಕದ ಒಂದು ಟಿಪ್ಪಣಿಯ ಪರಿಶೀಲನೆ

ದೆಹಲಿಯಲ್ಲಿ 1961ರಲ್ಲಿ ಸ್ಥಾಪನೆಯಾದ ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಹನ್ನೊಂದನೆಯ ತರಗತಿಯ ಭೌತವಿಜ್ಞಾನ ಪುಸ್ತಕದಲ್ಲಿ, ಚಲನೆಯ ನಿಯಮಗಳ ಅಧ್ಯಾಯದ ನಡುವೆ, ಪ್ರಾಚೀನ ಭಾರತದ ಚಲನವಿಚಾರಗಳ ಮೇಲೊಂದು ಕಿರುಟಿಪ್ಪಣಿಯಿದೆ. ವೈಶೇಷಿಕರ ‘ವೇಗ’ವು ಬಹುಶಃ ಜಡತ್ವದ ಕಲ್ಪನೆಗೆ ತೀರ ಸಮೀಪ ಎನ್ನುತ್ತದೆ ಅದು. ಶಾಸ್ತ್ರಕಾರರು ಹೇಳಿದ ಲಕ್ಷಣಗಳನ್ನು ನೋಡಿದರೆ ವೇಗವು ಜಡತ್ವಕ್ಕಿಂತ ಸಂವೇಗಕ್ಕೆ ಹತ್ತಿರ, ಆದರೆ ಲೆಕ್ಕಕ್ಕೆ ಒದಗದ ಸಂವೇಗ ಎಂಬುದು ಈ ಲೇಖನದ ವಾದ.

ವೈಶೇಷಿಕ ದರ್ಶನದ ಮೂಲಪುರುಷ ಕಣಾದನ ಸೂತ್ರಗಳ ಪ್ರಕಾರ ಬಾಣದ ಮೊದಲ ಚಲನೆಗೆ ನೋದನ, ಅಂದರೆ ನೂಕುವಿಕೆ, ಕಾರಣ, ಮುಂದಿನದಕ್ಕೆ ಸಂಸ್ಕಾರ. ಸಂಸ್ಕಾರ ಮುಗಿದಾಗ ಗುರುತ್ವದಿಂದ ಬಾಣ ಬೀಳುತ್ತದೆ. ಸುಮಾರು ಆರನೆಯ ಶತಮಾನದ ಪ್ರಶಸ್ತಪಾದ ‘ಪದಾರ್ಥಧರ್ಮಸಂಗ್ರಹ’ದಲ್ಲಿ ಈ ಸಂಸ್ಕಾರವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿದ. ವೇಗ ಹುಟ್ಟುವುದು ಕರ್ಮದಿಂದ, ಅಂದರೆ ಚಲನೆಯಿಂದ. ಅದು ನಿಯತ ದಿಕ್ಕಿನಲ್ಲಿ ಕ್ರಿಯೆಗಳ ಸರಣಿಯನ್ನು ನಡೆಸುತ್ತದೆ. ಸ್ಪರ್ಶವುಳ್ಳ ದ್ರವ್ಯ ಅಡ್ಡಬಂದರೆ ನಾಶವಾಗುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಬ್ರಜೇಂದ್ರನಾಥ ಸೀಲ್ 1915ರಲ್ಲೇ ಪ್ರಾಚೀನ ಹಿಂದೂಗಳ ವಿಜ್ಞಾನಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ವಿಚಾರಗಳನ್ನು ಚರ್ಚಿಸಿದ್ದರು.

ಜಡತ್ವವಾದರೋ ನಿಂತ ಕಲ್ಲಿನಲ್ಲೂ ಇದೆ. ಅದು ನೂಕಿದಾಗ ಹುಟ್ಟುವುದೂ ಇಲ್ಲ, ತಡೆದಾಗ ಅಳಿಯುವುದೂ ಇಲ್ಲ. ಹುಟ್ಟು, ದಿಕ್ಕು, ಅಳಿವು ಮೂರೂ ಉಳ್ಳ ವೇಗವನ್ನು ಸಂವೇಗದ ಪಕ್ಕ ಇರಿಸುವುದೇ ಸರಿ. ಕೊರತೆ ಇರುವುದು ಬೇರೆಡೆ. ಗುರುತ್ವವನ್ನು ವೈಶೇಷಿಕರು ಪತನಕ್ಕೆ ಕಾರಣವಾದ ಪ್ರತ್ಯೇಕ ಗುಣವೆಂದು ಎಣಿಸಿದರು; ವಸ್ತುವಿನ ದ್ರವ್ಯಪ್ರಮಾಣವನ್ನು ವೇಗದ ಅಳತೆಯೊಳಗೆ ತರಲಿಲ್ಲ. ಚಲನೆ ಏಕೆ ಮುಂದುವರಿಯುತ್ತದೆ ಎಂಬುದು ಅವರ ಪ್ರಶ್ನೆ; ಎಷ್ಟು ಎಂಬುದಲ್ಲ.

ಯುರೋಪಿನಲ್ಲಿ ಕೊರತೆ ತಿರುವುಮುರುವಾಗಿತ್ತು. ಹದಿನಾಲ್ಕನೆಯ ಶತಮಾನದ ಬ್ಯೂರಿಡಾನ್ ವಸ್ತುವಿನೊಳಗಿನ ಪ್ರೇರಣೆಯನ್ನು ದ್ರವ್ಯಪ್ರಮಾಣಕ್ಕೂ ಚಲನೆಯ ಜವಕ್ಕೂ ಜೋಡಿಸಿದ್ದ. 1644ರಲ್ಲಿ ಡೆಕಾರ್ಟ್ ಗಾತ್ರ ಮತ್ತು ಜವಗಳ ಗುಣಲಬ್ಧವನ್ನೇ ಚಲನೆಯ ಪ್ರಮಾಣವೆಂದ; ದಿಕ್ಕನ್ನು ಮಾತ್ರ ಕೈಬಿಟ್ಟ. 1668-69ರಲ್ಲಿ ವಾಲಿಸ್, ರೆನ್, ಹೈಗೆನ್ಸ್ ಲಂಡನ್ನಿನ ರಾಯಲ್ ಸೊಸೈಟಿಗೆ ಡಿಕ್ಕಿಯ ನಿಯಮಗಳನ್ನು ಬರೆದು ಕಳಿಸಿದಾಗ ಆ ಲೋಪ ತಿದ್ದಿಕೊಂಡಿತು. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಚಲನೆಯ ಪ್ರಮಾಣಕ್ಕೆ, ಅಂದರೆ ಇಂದಿನ ಸಂವೇಗಕ್ಕೆ, ಕೊಟ್ಟ ವ್ಯಾಖ್ಯೆ ಇದರ ನಂತರದ್ದು.

ಎರಡೂ ಕೊರತೆಗಳನ್ನು ಎನ್‌ಸಿಇಆರ್‌ಟಿಯದೇ ಒಂಬತ್ತನೆಯ ತರಗತಿಯ ಪುಸ್ತಕದ ಲೆಕ್ಕವೊಂದು ಒಟ್ಟಿಗೆ ಬಯಲು ಮಾಡುತ್ತದೆ. ಸೆಕೆಂಡಿಗೆ 5 ಮೀಟರ್ ಜವದ 60 ಕಿಲೋಗ್ರಾಂ ಹಾಕಿ ಆಟಗಾರ, ಎದುರಿನಿಂದ 6 ಮೀಟರ್ ಜವದಲ್ಲಿ ಬರುವ 55 ಕಿಲೋಗ್ರಾಂ ಆಟಗಾರ. ಇಬ್ಬರೂ ಡಿಕ್ಕಿಯಾಗಿ ತೆಕ್ಕೆಬೀಳುತ್ತಾರೆ. ಡೆಕಾರ್ಟ್‌ನ ರೀತಿಯಲ್ಲಿ ಕೂಡಿದರೆ 630. ಇಬ್ಬರೂ ಸೆಕೆಂಡಿಗೆ ಸುಮಾರು 5.5 ಮೀಟರ್ ಓಡಬೇಕು, ಯಾವ ಕಡೆಗೆಂದು ಹೇಳುವಂತಿಲ್ಲ. ಪ್ರಶಸ್ತಪಾದನ ವೇಗದಲ್ಲಿ ದಿಕ್ಕಿದೆ, ಕೂಡಲು ಸಂಖ್ಯೆಯಿಲ್ಲ. 330ರಿಂದ 300 ಕಳೆದಾಗ ಉಳಿಯುವ 30ನ್ನು ಒಟ್ಟು ದ್ರವ್ಯಪ್ರಮಾಣ 115ರಿಂದ ಭಾಗಿಸಿದರೆ, ಇಬ್ಬರೂ ಎರಡನೆಯವನು ಹೊರಟಿದ್ದ ಕಡೆಗೆ ಸೆಕೆಂಡಿಗೆ ಸುಮಾರು 0.26 ಮೀಟರ್ ಜರುಗುತ್ತಾರೆ. ಎರಡು ವಸ್ತುಗಳನ್ನು ಎದುರುಬದುರು ನಿಲ್ಲಿಸಿ ಕೇಳಿದ ಪ್ರಶ್ನೆಯಿಂದ ಸಂವೇಗ ಅಳೆಯಬಹುದಾದ ಪ್ರಮಾಣವಾಯಿತು. ಒಂಟಿ ಬಾಣದ ಹಾರಾಟವನ್ನು ವಿವರಿಸಲು ಅಂಥ ಅಳತೆಯ ಅಗತ್ಯವೇ ಬಿದ್ದಿರಲಿಲ್ಲ.