ವೈಸರಾಯ್ ಅತಿಥಿಗೃಹದಿಂದ ಸರ್ಕಾರಿ ಹೋಟೆಲಿನವರೆಗೆ: ಮೈಸೂರಿನ ಲಲಿತಮಹಲ್

ಮೈಸೂರು: ಚಾಮುಂಡಿಬೆಟ್ಟದ ತಪ್ಪಲಿನಲ್ಲಿ, ನಗರದ ಪೂರ್ವದಿಕ್ಕಿನ ಎತ್ತರದ ಬಯಲಿನಲ್ಲಿ ನಿಂತಿರುವ ಶ್ವೇತವರ್ಣದ ಲಲಿತಮಹಲ್ ಅರಮನೆ, ಮೈಸೂರಿನ ಅರಮನೆಗಳ ಪೈಕಿ ಗಾತ್ರದಲ್ಲಿ ಎರಡನೆಯದು. ಅಂಬಾವಿಲಾಸ ಅರಮನೆಯನ್ನು ನೋಡಿ ಹಿಂದಿರುಗಬೇಕು. ಲಲಿತಮಹಲಿನಲ್ಲಿ ಬಾಡಿಗೆ ತೆತ್ತು ರಾತ್ರಿ ಕಳೆಯಬಹುದು. ಈ ಅವಕಾಶ ಜನಸಾಮಾನ್ಯರಿಗೆ ದೊರೆತದ್ದು 1974ರಲ್ಲಿ. ಅದಕ್ಕೂ ಮೊದಲು ಇದು ಆಹ್ವಾನಿತರಿಗಷ್ಟೇ ಮೀಸಲಾದ ಮನೆಯಾಗಿತ್ತು.

ಅತಿಥಿಗಾಗಿಯೇ ಅರಮನೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1921ರಲ್ಲಿ ಲಲಿತಮಹಲಿನ ನಿರ್ಮಾಣವನ್ನು ಆರಂಭಿಸಿದರು. ಭಾರತದ ವೈಸರಾಯ್ ಮೈಸೂರಿಗೆ ಆಗಮಿಸಿದಾಗ ಅವರ ವಾಸ್ತವ್ಯಕ್ಕೆ ಪ್ರತ್ಯೇಕ ನಿವಾಸ ಒದಗಿಸುವುದು ಇದರ ಉದ್ದೇಶವಾಗಿತ್ತು. ಮುಂಬಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ ನಕ್ಷೆ ಸಿದ್ಧಪಡಿಸಿದರೆ, ನಿರ್ಮಾಣದ ಹೊಣೆಯನ್ನು ಬಿ. ಮುನಿವೆಂಕಟಪ್ಪ ಹೊತ್ತರು. ಕಾಮಗಾರಿ 1931ರಲ್ಲಿ ಪೂರ್ಣಗೊಂಡಿತು.

ಅತಿಥಿಗಳನ್ನು ಮುಖ್ಯ ಅರಮನೆಯಿಂದ ದೂರವಿರಿಸಲು ಕಾರಣವೂ ಇತ್ತು. ಮಹಾರಾಜರು ಆಚಾರನಿಷ್ಠರು. ಯುರೋಪಿಯನ್ ಅತಿಥಿಗಳ ಊಟೋಪಚಾರ, ಮದ್ಯಪಾನ, ನೃತ್ಯಕೂಟಗಳು ಅಂಬಾವಿಲಾಸದ ನೇಮನಿಷ್ಠೆಗೆ ಹೊಂದುವಂಥವಲ್ಲ. ಅತಿಥಿಗೂ ಮುಜುಗರವಾಗದಂತೆ, ಮನೆಯ ಮಡಿಗೂ ಭಂಗ ಬಾರದಂತೆ ಕಂಡುಕೊಂಡ ಮಾರ್ಗವೇ ಪ್ರತ್ಯೇಕ ಭವನ. ನಗರದ ಹೋಟೆಲ್ ಮೆಟ್ರೋಪೋಲ್ ಕಟ್ಟಡ ಕೂಡ ಇದೇ ಕಾಲದಲ್ಲಿ ಬ್ರಿಟಿಷ್ ಅತಿಥಿಗಳಿಗಾಗಿ ಮಹಾರಾಜರು ಕಟ್ಟಿಸಿದ್ದಾಗಿದೆ.

ಆದರೆ ಯಾರಿಗಾಗಿ ಈ ಅರಮನೆ ಎದ್ದಿತೋ ಅವರ ಕಾಲವೇ ಬೇಗ ಮುಗಿಯಿತು. ಹತ್ತು ವರ್ಷ ಶ್ರಮಿಸಿ ಕಟ್ಟಿದ ಭವನಕ್ಕೆ ವೈಸರಾಯ್ ಪದವಿಯ ನೆರಳು ದೊರೆತದ್ದು 1947ರವರೆಗಿನ 16 ವರ್ಷಗಳು ಮಾತ್ರ.

ಕಟ್ಟಡದ ಸೊಬಗು

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಗುಮ್ಮಟವೇ ಲಲಿತಮಹಲಿನ ಮಧ್ಯದ ಗುಮ್ಮಟಕ್ಕೆ ಸ್ಫೂರ್ತಿ. ಎರಡು ಅಂತಸ್ತಿನ ಈ ಕಟ್ಟಡದ ಮುಂಭಾಗದಲ್ಲಿ ಜೋಡಿಕಂಬಗಳ ಸಾಲು, ಮುಂಚಾಚಿದ ಪೋರ್ಟಿಕೋ ಇವೆ. ಒಳಗೆ ವೃತ್ತಾಕಾರದ ಪ್ರವೇಶಾಂಗಣ, ಇಟಲಿಯ ಅಮೃತಶಿಲೆಯ ಭವ್ಯ ಮೆಟ್ಟಿಲು, ತೂಗುದೀಪಗಳು ಹಾಗೂ ಜಾಲರಿ ಬಾಗಿಲಿನ ಹಳೆಯ ಲಿಫ್ಟ್ ಪ್ರವಾಸಿಗರನ್ನು ಆಕರ್ಷಿಸುತ್ತವೆ. ಒಂದು ಕಾಲದ ನೃತ್ಯಶಾಲೆಯೇ ಹೋಟೆಲಿನ ಭೋಜನಶಾಲೆಯಾಯಿತು. ಬಣ್ಣದ ಗಾಜಿನ ಛಾವಣಿಯ ಕೆಳಗೆ ಕುಳಿತು ಮೈಸೂರು ಮಸಾಲೆದೋಸೆ ಸವಿಯುವ ಯೋಗ ಕಟ್ಟಿಸಿದವರ ಕಲ್ಪನೆಯಲ್ಲಿಯೂ ಇದ್ದಿರಲಾರದು.

ಅರಮನೆ ಹೋಟೆಲಾದದ್ದು

ಅರಮನೆಗಳನ್ನು ಹೋಟೆಲಾಗಿಸುವ ಪರಿಪಾಠ ಸ್ವತಂತ್ರ ಭಾರತದಲ್ಲಿ ರಾಜಸ್ಥಾನದಿಂದ ಬಲಗೊಂಡಿತು. ಜೈಪುರದ ರಾಮಬಾಗ್ ಅರಮನೆ 1957ರಲ್ಲಿ ಹೋಟೆಲಾಯಿತು. 1960ರ ದಶಕದಲ್ಲಿ ಉದಯಪುರದ ಲೇಕ್ ಪ್ಯಾಲೇಸ್ ಅದೇ ಹಾದಿ ಹಿಡಿಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ರಾಜಧನ ರದ್ದಾದ ಮೇಲೆ ಬೃಹತ್ ಭವನಗಳ ನಿರ್ವಹಣೆ ರಾಜಮನೆತನಗಳಿಗೆ ಇನ್ನಷ್ಟು ಭಾರವಾಯಿತು. ರಾಜಸ್ಥಾನದ ಆ ಹೋಟೆಲುಗಳು ಖಾಸಗಿ ಸಮೂಹದ ಆಡಳಿತಕ್ಕೆ ಬಂದವು. ಲಲಿತಮಹಲ್ ಮಾತ್ರ ಸರ್ಕಾರಿ ಸ್ವಾಮ್ಯದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಶೋಕ ಸಮೂಹದ ಹೋಟೆಲಾಗಿ ದಶಕಗಳ ಕಾಲ ನಡೆಯಿತು.

2000ದ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರವು ನಿಗಮದ ಹಲವು ಹೋಟೆಲುಗಳನ್ನು ಖಾಸಗಿಯವರಿಗೆ ವಹಿಸಿತು. ಬೆಂಗಳೂರಿನ ಅಶೋಕ ಹೋಟೆಲ್ ಆಗ ದೀರ್ಘಾವಧಿ ಗುತ್ತಿಗೆಗೆ ಹೋಯಿತು. ಲಲಿತಮಹಲ್ ಸರ್ಕಾರದ ಕೈಯಲ್ಲೇ ಉಳಿಯಿತು. 2018ರಲ್ಲಿ ಅದು ರಾಜ್ಯ ಸರ್ಕಾರಕ್ಕೆ ಹಸ್ತಾಂತರಗೊಂಡು, ರಾಜ್ಯದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ನಿರ್ವಹಣೆಗೆ ಬಂದಿತು. ಕಬಿನಿಯಂತಹ ಕಾಡಂಚಿನ ತಂಗುದಾಣಗಳಿಗೆ ಹೆಸರಾದ ಸಂಸ್ಥೆಗೆ ಅರಮನೆಯ ಉಸ್ತುವಾರಿ ಹೊಸ ಬಗೆಯ ಹೊಣೆ.

ಬಳಕೆಯೋ, ರಕ್ಷಣೆಯೋ?

ಪಾರಂಪರಿಕ ಕಟ್ಟಡವೊಂದನ್ನು ಹೋಟೆಲಾಗಿ ನಡೆಸುವುದು ಎರಡಲಗಿನ ಕತ್ತಿ. ಅತಿಥಿಗಳು ಹವಾನಿಯಂತ್ರಣ, ಬಿಸಿನೀರು, ಆಧುನಿಕ ಸ್ನಾನಗೃಹಗಳನ್ನು ನಿರೀಕ್ಷಿಸುತ್ತಾರೆ. ಒಂದೊಂದು ಕೊಳವೆ, ಒಂದೊಂದು ತಂತಿಗೂ ಹಳೆಯ ಗೋಡೆಯನ್ನು ಕೊರೆಯಬೇಕಾಗುತ್ತದೆ. ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಕಟ್ಟಡ ಶಿಥಿಲವಾಗುತ್ತದೆ. ಹಾಗೆಂದು ಬೀಗ ಹಾಕಿದರೆ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಚಾಮುಂಡಿಬೆಟ್ಟದ ಮೇಲಿನ ರಾಜೇಂದ್ರ ವಿಲಾಸ ಕೆಲಕಾಲ ಹೋಟೆಲಾಗಿದ್ದು, ಬಳಿಕ ದೀರ್ಘಕಾಲ ಮುಚ್ಚಿದ್ದುದು ಎಲ್ಲರ ಕಣ್ಣೆದುರಿಗಿದೆ.

ಸರ್ಕಾರದ ಕೈಯಲ್ಲಿದ್ದರೆ ದುರಸ್ತಿಗೆ ವಿಳಂಬ, ಖಾಸಗಿಯವರ ಪಾಲಾದರೆ ಬಾಡಿಗೆ ಗಗನಕ್ಕೆ ಎಂಬುದು ಸಾರ್ವಜನಿಕರಲ್ಲಿ ಕೇಳಿಬರುವ ಮಾತು. ಎರಡರಲ್ಲಿಯೂ ಸತ್ಯಾಂಶವಿದೆ. ಕಟ್ಟಡದಷ್ಟೇ ಸುತ್ತಲಿನ ಬಯಲೂ ಮುಖ್ಯ. 2021ರಲ್ಲಿ ಹೆಲಿ ಪ್ರವಾಸೋದ್ಯಮಕ್ಕಾಗಿ ಲಲಿತಮಹಲ್ ಸಮೀಪದ ಮರಗಳನ್ನು ಕಡಿಯುವ ಪ್ರಸ್ತಾಪ ಬಂದಾಗ ನಗರದ ನಾಗರಿಕರು ತೀವ್ರವಾಗಿ ವಿರೋಧಿಸಿದರು. ಎಂದೂ ಅಲ್ಲಿ ತಂಗದವರೂ ದನಿಗೂಡಿಸಿದ್ದು, ಈ ತಾಣವನ್ನು ಮೈಸೂರಿಗರು ತಮ್ಮದೆಂದೇ ಭಾವಿಸಿರುವುದಕ್ಕೆ ಸಾಕ್ಷಿ.

ತಂಗುವವರಿಗೆ

ಲಲಿತಮಹಲಿನ ಕೊಠಡಿಗಳೆಲ್ಲ ಒಂದೇ ತೆರನಲ್ಲ. ವೈಸರಾಯ್ ಹೆಸರಿನ ಸೂಟ್ ಸೇರಿದಂತೆ ಮೂಲ ಅರಮನೆಯ ಕೊಠಡಿಗಳು ಬೇರೆ, ಹೋಟೆಲಾದ ನಂತರ ಸೇರಿಸಿದವು ಬೇರೆ. ಕಾಯ್ದಿರಿಸುವಾಗಲೇ ಇದನ್ನು ವಿಚಾರಿಸುವುದು ಒಳಿತು. ದಸರಾ ದಿನಗಳಲ್ಲಿ ನಗರದ ಹೋಟೆಲುಗಳೆಲ್ಲ ಭರ್ತಿಯಾಗುವುದರಿಂದ ಬಹಳ ಮುಂಚಿತವಾಗಿಯೇ ವ್ಯವಸ್ಥೆ ಮಾಡಿಕೊಳ್ಳಬೇಕು. ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಶೇ 18ರಷ್ಟು ಜಿಎಸ್‌ಟಿ ಅನ್ವಯವಾಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ, 2025ರ ಸೆಪ್ಟೆಂಬರ್ 22ರಿಂದ, ಶೇ 5 ಮಾತ್ರ.

ಹೊಸ ಹೋಟೆಲುಗಳ ಥಳಕು, ಚುರುಕು ಸೇವೆಯನ್ನು ಅರಸಿ ಬರುವವರಿಗೆ ಲಲಿತಮಹಲ್ ನಿರಾಸೆ ತರಬಹುದು. ಎತ್ತರದ ಛಾವಣಿ, ಅಗಲವಾದ ಮೊಗಸಾಲೆ, ಬೆಟ್ಟದ ನೋಟ ಹಾಗೂ ನಿಧಾನಗತಿಯೇ ಇಲ್ಲಿನ ಐಷಾರಾಮ. ಕೆಲವರಿಗಾಗಿ ಕಟ್ಟಿದ ಮನೆಯೊಂದು ಎಲ್ಲರಿಗೂ ತೆರೆದುಕೊಂಡು ಅರ್ಧ ಶತಮಾನ ಕಳೆದಿದೆ. ಅರಮನೆಯೂ ಉಳಿದು, ಬಾಗಿಲೂ ತೆರೆದಿರುವಂತೆ ನೋಡಿಕೊಳ್ಳುವುದು ಅದರ ಇಂದಿನ ಒಡೆಯನಾದ ರಾಜ್ಯದ ಕರ್ತವ್ಯ.